ಇಪ್ಪತ್ತನಾಲ್ಕು ಕೊಟ್ಟರೆ ಮೂವತ್ತೊಂದು ಒಣಗಿದವು

ಬೀದರಿನ ಮೈಲೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಖಾಸಗಿ ಪಿ.ಯು. ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಹೇಳಿಕೊಂಡು, ಯಾರ ತಂಟೆಗೂ ಹೋಗದೆ ಇದ್ದ ಅವಿನಾಶ ಮಾಸ್ತರರು ಒಂದು ಐತವಾರ ಭಾಲ್ಕಿಯಲ್ಲಿ ತಮ್ಮ ಅತ್ತೆಯ ಎದುರಿಗೆ ಬಾಯಿ ತೆರೆದರು. ಆ ಬಾಯಿಯನ್ನು ಹೋಳಿಗೆಗೆ ಮಾತ್ರ ತೆರೆದು ಮುಚ್ಚಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅವರ ಹೆಂಡತಿ ಜಗದೇವಿ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋದವಳು ಅಲ್ಲೇ ಇದ್ದಳು. ಮಗಳಿಗೆ ಮೂರು ತಿಂಗಳು ತುಂಬಿತ್ತು. ನಗಲು ಕಲಿತಿದ್ದಳು. ಆದರೆ ಆ ನಗು ಮಾಸ್ತರರಿಗೆ ಸಿಗುತ್ತಿದ್ದುದು ದಿನಾ ಸಂಜೆ ಏಳಕ್ಕೆ ಫೋನಿನ ವಿಡಿಯೋದಲ್ಲಿ, ಅದೂ ತುಂಡುತುಂಡಾಗಿ. ಅರ್ಧ ನಗು ಭಾಲ್ಕಿಯಿಂದ ಹೊರಟು ಇನ್ನರ್ಧ ದಾರಿಯಲ್ಲೇ ನಿಂತುಬಿಡುತ್ತಿತ್ತು. ಪೂರ್ತಿ ಅಳು ಮಾತ್ರ ತಪ್ಪದೆ ಬಂದು ಮುಟ್ಟುತ್ತಿತ್ತು.

"ಅತ್ತೀರಿ, ಈ ಐದು ತಿಂಗಳು, ಏಳು ತಿಂಗಳು ಅನ್ನೋದು ಬಿಡ್ರಿ. ತಾಯಿ-ಮಗಳನ್ನ ಕಳಸಿಕೊಡ್ರಿ" ಎಂದರು ಮಾಸ್ತರರು.

ಅತ್ತೆ ದಾನಮ್ಮ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಲೇ ಕೇಳಿದಳು: "ಕಳಸ್ತೇನಿ. ಕೂಸಿನ ಲಂಗೋಟಿ ಯಾರು ತೊಳೀತಾರ್ರಿ ಅಲ್ಲಿ? ಬಾಣಂತಿ ತಣ್ಣೀರಾಗ ಕೈ ಇಡೂ ಹಾಂಗಿಲ್ಲ. ನಿಮ್ಮ ಮನ್ಯಾಗ ಮತ್ತೊಂದು ಹೆಣ್ಣುಜೀವ ಇಲ್ಲ. ಪೇಟಿ ಡೈಪರ್ ಹಾಕಿದರ ಕೂಸಿನ ಮೈಯೆಲ್ಲಾ ಗುಳ್ಳಿ. ಹೇಳ್ರಿ, ಯಾರು ತೊಳೀತಾರ?"

"ನಾ ತೊಳೀತೇನಿ ರಿ."

ತುಪ್ಪದ ಧಾರೆ ನಿಂತಿತು. ಮೂಲೆಯಲ್ಲಿ ಪೇಪರು ಓದುತ್ತಿದ್ದ ಮಾವ ಶಿವರಾಜಪ್ಪ, ಭಾಲ್ಕಿಯ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ತೊಗರಿ ವ್ಯಾಪಾರ ಮಾಡುವ ಗಂಭೀರ ಮನುಷ್ಯ, ಪೇಪರನ್ನು ಮೂಗಿನ ತನಕ ಇಳಿಸಿದರು.

"ನೀವು?" ಎಂದಳು ದಾನಮ್ಮ.

"ಅದರಾಗ ಏನದ ರಿ ಅತ್ತಿ? ಅದು ಬರೇ ಅಮೋನಿಯಾ. ಎನ್ ಎಚ್ ತ್ರೀ. ನಾ ದಿನಾ ಹುಡುಗರಿಗೆ ಹೇಳಿಕೊಡೋದೇ ಅದು. ವಾಸನಿ ಹುಟ್ಟೂದು ಹ್ಯಾಂಗ, ಹೋಗೂದು ಹ್ಯಾಂಗ, ಎಲ್ಲಾ ಬೋರ್ಡಿನ ಮ್ಯಾಲ ಬರದು ತೋರಸ್ತೇನಿ."

"ಬೋರ್ಡ್ ಬ್ಯಾಡ್ರಿ" ಎಂದು ದಾನಮ್ಮ ಒಳಗೆ ಹೋಗಿ ಒಂದು ಕೈಚೀಲ ತಂದು ಅಳಿಯನ ಮುಂದೆ ಇಟ್ಟಳು. ಅದರೊಳಗೆ ಹಿಂದಿನ ಸಂಜೆಯಿಂದ ಈ ಮಧ್ಯಾಹ್ನದವರೆಗೆ ಕೂಸು ದುಡಿದು ಗಳಿಸಿದ್ದೆಲ್ಲ ಇತ್ತು. "ಇಪ್ಪತ್ನಾಲ್ಕು ಅವ. ಎಣಿಸೇನಿ. ಬರೂ ಐತವಾರ ತೊಗೊಂಡು ಬರ್ರಿ. ಮೂಗಿಗೆ ಹಚ್ಚಿ ನೋಡ್ತೇನಿ. ವಾಸನಿ ಇಲ್ಲಂದರ ಅವತ್ತೇ ತಾಯಿ-ಮಗಳು ನಿಮ್ಮ ಸಂಗಟ. ಬಂತಂದರ ದೀಪಾವಳಿ ಆಗೂ ತನಕ ಈ ಮಾತು ಎತ್ತಬ್ಯಾಡ್ರಿ."

"ಒಂದು ವಾರ ಯಾಕ ರಿ? ಈಗೇ ನಿಮ್ಮ ಬಚ್ಚಲದಾಗ..." ಎಂದು ಮಾಸ್ತರರು ತೋಳು ಮಡಚಿದ್ದೇ ತಡ, ಶಿವರಾಜಪ್ಪ ಎದ್ದು ನಿಂತರು.

"ಕೂಡ್ರಿ. ಅಳಿಯ ನಮ್ಮ ಬಚ್ಚಲದಾಗ ಕುಂತು ಲಂಗೋಟಿ ತೊಳದ ಅಂತ ಯಾರರ ಕೇಳಿದರ ನಾ ಗಂಜಿನಾಗ ಮಾರಿ ಹ್ಯಾಂಗ ತೋರಸ್ಲಿ? ನಮ್ಮ ಮನ್ಯಾಗ ಅಳಿಯ ಉಂಡ ತಾಟು ಎತ್ತೂ ಹಾಂಗಿಲ್ಲ. ನಿಮ್ಮ ಮನ್ಯಾಗ ಏನರ ತೊಳ್ಕೋರಿ. ಅದು ನಿಮ್ಮ ಮನಿ."

ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಶಿವರಾಜಪ್ಪನವರು ಇಟ್ಟುಕೊಳ್ಳಲಿಲ್ಲ, ಅದರ ಫಲ ಮುಂದೆ ಉಂಡರು.

ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದ ಜಗದೇವಿ ಮೆಲ್ಲಗೆ, "ರೀ, ಬಾಯಿ ಕಟ್ಟಬ್ಯಾಡ್ರಿ ಚೀಲದ್ದು. ಗಾಳಿ ಆಡಬೇಕು" ಎಂದಳು. ಮಾಸ್ತರರು ಚೀಲದ ಬಾಯಿಗೆ ಎರಡು ಗಂಟು ಹಾಕಿದರು. ಮೇಲೆ ಇನ್ನೊಂದು ಪ್ಲಾಸ್ಟಿಕ್ ಚೀಲ ಹಾಕಿದರು.

ಏಪ್ರಿಲ್ ತಿಂಗಳ ಮಧ್ಯಾಹ್ನ, ಎರಡು ಗಂಟಿನೊಳಗೆ ಇಪ್ಪತ್ತನಾಲ್ಕು ಒದ್ದೆ ಲಂಗೋಟಿ. ಬಸ್ಸು ಭಾಲ್ಕಿ ದಾಟಿ ಎರಡನೇ ಊರು ಮುಟ್ಟುವ ಹೊತ್ತಿಗೆ ಅಮೋನಿಯಾ ಬೋರ್ಡಿನಿಂದ ಇಳಿದು ಬಸ್ಸು ಹತ್ತಿತ್ತು. ಮೊದಲು ಮುಂದಿನ ಸೀಟಿನ ಹೆಂಗಸು ಸೆರಗು ಮೂಗಿಗೆ ತಂದಳು. ಆಮೇಲೆ ಬಸ್ಸಿಗೆ ಬಸ್ಸೇ ಕಿಟಕಿ ತೆರೆಯಿತು. ಕಂಡಕ್ಟರ್ ಅನೀಲಕುಮಾರ ಸೀಟಿ ಬಾಯಲ್ಲಿಟ್ಟುಕೊಂಡೇ ಮಾತಾಡುವ ಪೈಕಿ. ಅವನ ಪ್ರತಿ ಮಾತಿಗೂ ಅರ್ಧ ಸೀಟಿ ಜೋಡಣೆಯಾಗಿರುತ್ತಿತ್ತು.

"ಆಡು ಯಾರದ್ರೀ... ಫ್ವೀ... ಆಡು? ಸೀಟಿನ ಬುಡಕ ಆಡು ಇಟ್ಟವ್ರು ಖರೆ ಹೇಳ್ರಿ. ಆಡಿಗೂ ಟಿಕೀಟ್ ತೆಗೀಬೇಕು... ಫ್ವೀ."

ಯಾರೂ ಆಡನ್ನು ಒಪ್ಪಿಕೊಳ್ಳಲಿಲ್ಲ. ಅನೀಲಕುಮಾರ ಬಗ್ಗಿ ಬಗ್ಗಿ ನೋಡುತ್ತ ಬಂದು ಮಾಸ್ತರರ ಕಾಲ ಬುಡದಲ್ಲಿ ನಿಂತ. "ಇದರಾಗ ಏನದ ರಿ?"

ಪಕ್ಕದ ಸಾಲಿನಲ್ಲೇ ಮಾಸ್ತರರ ಎದುರು ಮನೆಯ ನರಸಿಂಗ ಕೂತಿದ್ದ. ನರಸಿಂಗ ವಿಮಾ ಏಜೆಂಟ. ಹುಟ್ಟು, ಸಾವು ಎರಡರ ಸುದ್ದಿಯೂ ಅವನಿಗೆ ವ್ಯಾಪಾರ. ಹಾಗಾಗಿ ಊರಿನ ಸುದ್ದಿ ಅವನಿಗೆ ಊರಿಗಿಂತ ಮೊದಲೇ ಗೊತ್ತಾಗುತ್ತಿತ್ತು. ಎಂ.ಎಸ್ಸಿ. ಆದ ಉಪನ್ಯಾಸಕ ಅಂಥವನ ಎದುರಿಗೆ 'ಲಂಗೋಟಿ' ಎನ್ನುವುದುಂಟೆ?

"ಸ್ಯಾಂಪಲ್ ರಿ. ಲ್ಯಾಬಿಂದು. ಕೆಮಿಸ್ಟ್ರಿ" ಎಂದರು.

ಸುತ್ತಲಿನ ಆರು ಸೀಟು ಒಮ್ಮೆಲೇ ಖಾಲಿಯಾದವು. ಅನೀಲಕುಮಾರ ಸೀಟಿ ನುಂಗುವುದೊಂದು ಬಾಕಿ. ಬಸ್ಸು ನಿಲ್ಲಿಸಿ, ಚೀಲವನ್ನು ಎರಡು ಬೆರಳಲ್ಲಿ ಹಿಡಿಸಿ ಹಿಂದಿನ ಡಿಕ್ಕಿಗೆ ಹಾಕಿಸಿದ. ಬೀದರಿನ ತನಕ ಮಾಸ್ತರರು ಮೂರು ಜನರ ಸೀಟಿನಲ್ಲಿ ಒಬ್ಬರೇ ಕಾಲು ಚಾಚಿಕೊಂಡು ಬಂದರು. ನರಸಿಂಗ ಮಾತ್ರ ತಿರುಗಿ ತಿರುಗಿ ನೋಡುತ್ತಿದ್ದ.

ಮನೆಗೆ ಬಂದವರೇ ಮಾಸ್ತರರು ಬಾಗಿಲು ಹಾಕಿಕೊಂಡು ಪ್ರಯೋಗಕ್ಕೆ ಕೂತರು. ಬಕೆಟ್ಟಿಗೆ ಅರ್ಧ ಕಿಲೋ ಸಾಬೂನು ಪುಡಿ. ಕುದಿಯುವ ನೀರು. ಇಪ್ಪತ್ತನಾಲ್ಕೂ ಹಾಗೇ ಒಳಗೆ. ಮೇಲೆ ಕೋಲಿನಿಂದ ಕಲಕಿದ್ದೇ ಕಲಕಿದ್ದು. ನೊರೆ ಎದ್ದು ಬಕೆಟ್ಟು ದಾಟಿತು, ಬಚ್ಚಲು ದಾಟಿತು, ಮೋರಿ ಹಿಡಿದು ನೆರೆಯಾಗಿ ನೆರೆಮನೆಗೆ ಹೋಯಿತು. ನೆರೆಮನೆಯ ಮರಿಯಮಬೀ ಚಾಚಿ ಅಂಗಳದಲ್ಲಿ ಮೊಣಕಾಲುದ್ದ ನೊರೆ ನೋಡಿ ಗೋಡೆಯಾಚೆಯಿಂದ ಕೂಗಿದಳು: "ಏ ಮಾಸ್ಟರ್ ಸಾಬ್, ಕ್ಯಾ ಧೋತಯೀಂ ಜೀ? ಆನೀ ಗೀನೀ ತೊಳೀಲತ್ತೀರೇನು?"

"ನೆಲ ರಿ ಚಾಚಿ, ನೆಲ."

ಮರುದಿನ ಲಂಗೋಟಿಗಳು ಹಪ್ಪಳದ ಹಾಗೆ ಒಣಗಿದವು. ಬಡಿದರೆ ಸದ್ದು ಬರುತ್ತಿತ್ತು. ಮೂಸಿದರು. ಸಾಬೂನಿನ ವಾಸನೆ ಬಿಟ್ಟು ಬೇರೇನೂ ಇಲ್ಲ. ಮಾಸ್ತರರು ಒಬ್ಬರೇ ಮನೆಯಲ್ಲಿ ಚಪ್ಪಾಳೆ ತಟ್ಟಿದರು. ಮಂಗಳವಾರ ಬೆಳಿಗ್ಗೆ ಚಹದ ಕೈ ಒರೆಸಲು ಒಂದನ್ನು ಎತ್ತಿಕೊಂಡರು ನೋಡಿ, ಒದ್ದೆ ಬೆರಳು ತಾಗಿದ ಜಾಗದಿಂದ ಅನೀಲಕುಮಾರನ ಆಡು ಮತ್ತೆ ಎದ್ದು ಬಂತು. ವಾಸನೆ ಎಲ್ಲೂ ಹೋಗಿರಲಿಲ್ಲ. ಸಾಬೂನಿನ ಕೆಳಗೆ ಬಾಡಿಗೆಗೆ ವಾಸವಾಗಿತ್ತು.

ಅಮೋನಿಯಾ ಕ್ಷಾರ, ಕ್ಷಾರಕ್ಕೆ ಆಮ್ಲ. ಮಾಸ್ತರರು ಹದಿನೆಂಟು ಲಿಂಬೆಹಣ್ಣು ಹಿಂಡಿದರು. ಈಗ ಆಡು ಉಪ್ಪಿನಕಾಯಿ ತಿಂದ ಹಾಗಾಯಿತು.

ಬುಧವಾರ ಅವರು ಪಕ್ಕದ ಮನೆಯ ಯಜಮಾನ, ಚಾಚಿಯ ಗಂಡ ಖಾಜಾ ಮಿಯಾರ ಅಂಗಡಿ ಹತ್ತಿದರು. ಖಾಜಾ ಮಿಯಾ ಅತ್ತರಿನ ವ್ಯಾಪಾರಿ. ಇಡೀ ವಾಕ್ಯವನ್ನು ಅತ್ತರಿನ ಹಾಗೆ ಹನಿಹನಿಯಾಗಿ ಬಿಡುವ ಮನುಷ್ಯ.

"ಅತ್ತರು... ಕಿಸ್ಕೂ... ಹೋನಾ ಬೇಟಾ? ನಿಮಗಾ... ಬೇಗಮ್ ಸಾಬಿಗಾ?"

"ಇಬ್ಬರಿಗೂ ಅಲ್ಲ ಚಾಚಾ."

ಖಾಜಾ ಮಿಯಾರ ಕೈಯಲ್ಲಿದ್ದ ಶೀಶೆ ಅಲ್ಲೇ ನಿಂತಿತು. "ಬೇಗಮ್ ಸಾಬ್... ಭಾಲ್ಕ್ಯಾಗ ಅದಾರಲ್ಲ?"

"ಅದಕೇ ರಿ, ಅವರು ಬರೂದರಾಗ ಕೆಲಸ ಆಗಬೇಕು. ಯಾರಿಗೂ ಹೇಳಬ್ಯಾಡ್ರಿ. ಜೋರು ಇರೋದೇ ಕೊಡ್ರಿ, ಮೋತಿಯಾ."

ಖಾಜಾ ಮಿಯಾ ಶೀಶೆ ಕೊಟ್ಟರು, ಒಂದು ದೊಡ್ಡ ಉಸಿರು ಬಿಟ್ಟರು, ಮಾಸ್ತರರ ಬೆನ್ನ ಹಿಂದೆ ಗಲ್ಲ ತಟ್ಟಿಕೊಂಡು "ತೌಬಾ" ಎಂದರು. ಸಂಜೆಗೆ ಇಪ್ಪತ್ತನಾಲ್ಕು ಲಂಗೋಟಿಯ ಮೇಲೆ ಮೋತಿಯಾ ಹನಿಸಿದ್ದಾಯಿತು. ಓಣಿಯ ತುದಿಯ ತನಕ ಮಲ್ಲಿಗೆ ಘಮಘಮ. ಮಾಸ್ತರರು ಒಂದರ ತುದಿ ತೋಯಿಸಿ ಮೂಸಿದರು. ಮಲ್ಲಿಗೆ ತೋಟದೊಳಗೆ ಆಡು ಮೇಯುತ್ತಿತ್ತು. ಅತ್ತರು ಹಚ್ಚಿದ ಮಾಸ್ತರರು ನಿಜಕ್ಕೂ ಅತ್ತರು. ಐತವಾರಕ್ಕೆ ಮೂರೇ ದಿನ ಉಳಿದಿತ್ತು.

ಆ ಸಂಜೆ ಏಳಕ್ಕೆ ಎಂದಿನಂತೆ ಫೋನು ಬಂತು. ಮಾಸ್ತರರು ಅದನ್ನು ಅವಲಕ್ಕಿ ಡಬ್ಬಿಗೆ ಆನಿಸಿ, ಸದ್ದು ಪೂರ್ತಿ ಏರಿಸಿದರು. ಮಗಳು ಅತ್ತಳು. ಅಪ್ಪ ಜೋ ಜೋ ಎಂದರು. ಮಗಳು ಇನ್ನೂ ಜೋರಾಗಿ ಅತ್ತಳು. ಎದುರು ಮನೆಯ ಕಿಟಕಿಯಲ್ಲಿ ನರಸಿಂಗನ ಕಿವಿ ಒಂದು ಗೇಣು ಉದ್ದವಾಯಿತು. ಹೆಂಡತಿ ಇಲ್ಲದ ಮನೆ. ಒಳಗೆ ಕೂಸಿನ ಅಳು. ಅಂಗಳದಲ್ಲಿ ಲಂಗೋಟಿ. ಓಣಿಯಲ್ಲಿ ಅತ್ತರು. ಬಸ್ಸಿನಲ್ಲಿ ಸ್ಯಾಂಪಲ್.

ಗುರುವಾರ ಬೆಳಿಗ್ಗೆ ನರಸಿಂಗ ಗೇಟಿಗೆ ಆತು ನಿಂತು ಕೇಳಿಯೇಬಿಟ್ಟ: "ಮಾಸ್ತರ್, ಹಗ್ಗದ ಮ್ಯಾಲ ಏನ್ರಿ ಅವು?"

"ನೆಲ ಒರಸೂ ಅರಿವಿ ರಿ."

"ಹೌದಾ. ನೆಲಕ್ಕ ಲಾಡಿ ಯಾಕ ಬೇಕ್ರಿ ಕಟ್ಟಲಿಕ್ಕ?"

ಎಲ್ಲ ಲಂಗೋಟಿಗೂ ದಾನಮ್ಮ ತನ್ನ ಕೈಯಾರೆ ಹೊಲಿದ ಲಾಡಿಗಳು ಗಾಳಿಗೆ ಆಡುತ್ತ ನರಸಿಂಗನಿಗೆ ಕೈ ಬೀಸಿದವು. ಮಾಸ್ತರರು ಕಾಲೇಜಿಗೆ ಹೊತ್ತಾಯಿತೆಂದು ಸೈಕಲ್ ಮೋಟರು ಹತ್ತಿ ಓಡಿದರು. ಅಂದು ಕಾಲೇಜಿಗೆ ರಜೆ ಇದ್ದುದು ಗೇಟು ಮುಟ್ಟಿದ ಮೇಲೆ ನೆನಪಾಯಿತು.

ಮರಳಿ ಬರುವ ಹೊತ್ತಿಗೆ ಮರಿಯಮಬೀ ಚಾಚಿ ನಡುಗೋಡೆಯ ಬಾಗಿಲಿಂದ ಅಂಗಳಕ್ಕೆ ಬಂದು, ಒಂದು ಲಂಗೋಟಿಯನ್ನು ಚಾಚಿ ಹಿಡಿದು ಮೂಸುತ್ತ ನಿಂತಿದ್ದಳು. ಆರು ಮಕ್ಕಳನ್ನು ಹಡೆದು, ಹನ್ನೊಂದು ಮೊಮ್ಮಕ್ಕಳನ್ನು ಎತ್ತಿ ಆಡಿಸಿದ ಮೂಗು ಅದು.

"ಸಚ್ಚೀ ಬೋಲೋ ಬೇಟಾ. ಯಾರ ಕೂಸಿಂದು?"

ಮಾಸ್ತರರು ಸೋತು ಬಾವಿಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದರು: ಹೋಳಿಗೆ, ಎನ್ ಎಚ್ ತ್ರೀ, ಐತವಾರ, ದೀಪಾವಳಿ. "ಯಾರಿಗೂ ಹೇಳಬ್ಯಾಡ್ರಿ ಚಾಚಿ. ಕಾಲೇಜಿನಾಗ ಹುಡುಗರಿಗೆ ಗೊತ್ತಾದರ ನನ್ನ ಹೆಸರೇ ಲಂಗೋಟಿ ಮಾಸ್ತರ್ ಅಂತ ಇಡ್ತಾರ."

"ನೈ ಬೋಲ್ತೀ. ಕಸಮ್" ಎಂದಳು ಚಾಚಿ. ಆಮೇಲೆ ನಕ್ಕಳು. ನಕ್ಕು ನಕ್ಕು ಹಗ್ಗ ಹಿಡಿದುಕೊಂಡಳು. "ಕಿತ್ತೇ ಪಢೇ ತುಮೇ?"

"ಎಂ.ಎಸ್ಸಿ. ರಿ."

"ಅದಕೇ. ನೋಡು ಬೇಟಾ, ಮೊದಲಿಗೇ ಕುದ್ಯೂ ನೀರು ಹಾಕಿದಿ, ಹೊಲಸು ಬೇಯ್ದು ಅಲ್ಲೇ ಕುಂತ್ತು. ಮೊದಲ್ ತಣ್ಣೀರು. ತಣ್ಣೀರಾಗ ಎರಡು ಸಲ ಜಾಲ್ಸಿ ಚೆಲ್ಲು. ಆಮ್ಯಾಲ ಬಿಸಿನೀರು, ಮುಟಿಗಿ ಅಲ್ಲ, ಚಿಮಟಿಗಿ ಸಾಬೂನು. ಇಷ್ಟು ಸಾಬೂನು ಹಾಕಿದರ ಸಾಬೂನೇ ಅರಿವ್ಯಾಗ ಕುಂತು ವಾಸನಿಗೆ ರಜಾಯಿ ಹೊಚ್ಚತದ. ಆಮ್ಯಾಲ ಹಂಡೇದಾಗ ಕುದಸು. ಆಮ್ಯಾಲ ಜಾಲ್ಸು. ಬೆರಳಿಗೆ ಜಾರತದೇನು ನೋಡು. ಜಾರಿದರ ಮತ್ತ ಜಾಲ್ಸು. ಆಮ್ಯಾಲ ಧೂಪ್."

"ಲೋಬಾನದ ಧೂಪಾ?"

"ಬಿಸಿಲು ರೀ ಬಿಸಿಲು" ಎಂದು ಚಾಚಿ ಹಣೆ ಬಡಿದುಕೊಂಡಳು. "ಅಲ್ಲಾ ಮ್ಯಾಲಿಂದ ಪುಕ್ಕಟ ಕೊಟ್ಟಾನ. ಬೀದರ ಬಿಸಿಲಿನ ಮುಂದ ನಮ್ಮ ಮಿಯಾನ ಅತ್ತರು ಏನದ? ಎರಡೂ ಮಗ್ಗಲಾ ಕಾಸು. ಹಸಿ ಇದ್ದಾಗ ಮಡಚಬ್ಯಾಡ, ಚೀಲದ ಬಾಯಿ ಕಟ್ಟಬ್ಯಾಡ. ಮತ್ತ ಒಣದ್ದು ಮೂಸಿ ಕುಣೀಬ್ಯಾಡ. ಒಣಾ ಅರಿವಿ ಝೂಟ್ ಬೋಲ್ತಾ, ಸುಳ್ಳು ಹೇಳತದ. ತೋಯ್ಸಿ ಮೂಸು."

ಎಂ.ಎಸ್ಸಿ. ಓದಿದವರು ಚಾಚಿಯ ಮಾತನ್ನು ಹಾಜರಿ ಪುಸ್ತಕದ ಹಿಂದೆ ಒಂದು, ಎರಡು ಅಂತ ಬರೆದುಕೊಂಡರು.

ಶುಕ್ರವಾರ ಮಾಸ್ತರರು ರಜೆ ಹಾಕಿದರು. ತಣ್ಣೀರು, ಬಿಸಿನೀರು, ಚಿಮಟಿಗೆ ಸಾಬೂನು, ಹಂಡೆ. ಲಂಗೋಟಿಗಳು ಹಂಡೆಯಲ್ಲಿ ಕಡುಬಿನ ಹಾಗೆ ಕುದಿದವು. ಜಾಲಿಸಿದರು, ಬೆರಳಿಗೆ ಜಾರಿತು, ಮತ್ತೆ ಜಾಲಿಸಿದರು. ಏಳನೇ ನೀರಿಗೆ ಬಟ್ಟೆ ಕಿರ್ ಎಂದಿತು. ಆ ಕಿರ್ ಸದ್ದಿಗೆ ಮಾಸ್ತರರು ಅಂಗಳದಲ್ಲಿ ಒಂದು ಸುತ್ತು ಓಡಿದರು. ಶನಿವಾರ ಎರಡೂ ಮಗ್ಗಲು ಬಿಸಿಲು ಕೊಟ್ಟರು. ಮಧ್ಯಾಹ್ನ ತೋಯಿಸಿ ಮೂಸಿದರು. ಆಡು ಇಲ್ಲ. ಮಲ್ಲಿಗೆಯೂ ಇಲ್ಲ. ಚಾಚಿಯನ್ನು ಕರೆದು ಮೂಸಿಸಿದರು.

"ಶಾಬಾಸ್. ಆದರ ಇಪ್ಪತ್ನಾಲ್ಕು ಸಾಲೂದಿಲ್ಲ ಬೇಟಾ. ಮಳಿ ಬಂದ ದಿನ ಒಣಗೂದಿಲ್ಲ. ಇನ್ನೊಂದು ಏಳೆಂಟು ಇರಬೇಕು. ಹಳೇ ಧೋತರ ಗೀತರ ಇದ್ದರ ಹರಿ."

ಪ್ಯಾಂಟು ಹಾಕುವ ಮನುಷ್ಯನ ಮನೆಯಲ್ಲಿ ಧೋತರ ಎಲ್ಲಿಂದ ಬರಬೇಕು? ಟ್ರಂಕಿನ ತಳದಲ್ಲಿ ಒಂದೇ ಒಂದಿತ್ತು. ಅದನ್ನು ಹರಿದು ಏಳು ಲಂಗೋಟಿ ಮಾಡಿ, ತೊಳೆದು, ಅದೇ ಹಗ್ಗಕ್ಕೆ ಹಾಕಿದರು.

ಎದುರು ಕಿಟಕಿಯಲ್ಲಿ ನರಸಿಂಗ ಎಣಿಸುತ್ತಿದ್ದ. ಅವನು ಮೊದಲು ಚಾಚಿಯನ್ನು ಕೇಳಿದ: "ಮಾಸ್ತರ್ ಮನ್ಯಾಗ ಕೂಸು ಅದೇನ್ರಿ ಚಾಚಿ?" ಆಣೆ ಇಟ್ಟಿದ್ದ ಚಾಚಿ ಆಕಾಶ ನೋಡಿ, "ಮೇರೇಕು ನೈ ಮಾಲೂಮ್, ನನಗೇನೂ ಗೊತ್ತಿಲ್ಲ" ಎಂದಳು, ಎಂದವಳೇ ಸೆರಗಿನಲ್ಲಿ ನಗುತ್ತ ಒಳಗೆ ಓಡಿದಳು. ನರಸಿಂಗನಿಗೆ ಅಷ್ಟು ಸಾಕಾಯಿತು. ಅವನ ಸ್ವಂತ ಊರು ಔರಾದ ತಾಲೂಕಿನ ಠಾಣಾ ಕುಶನೂರ. ಮಾಸ್ತರರ ಅಕ್ಕ ಶಾಂತಾಬಾಯಿಯನ್ನು ಕೊಟ್ಟದ್ದೂ ಅದೇ ಊರಿಗೆ.

"ಅಕ್ಕಾ, ನಾ ಯಾರ ಮನಿ ಮಾತಿಗೂ ಹೋಗಾಂವಲ್ಲ, ನಿಮಗ ಗೊತ್ತದ" ಎಂದು ಶಾಂತಾಬಾಯಿಗೆ ಫೋನಿನಲ್ಲಿ ಶುರು ಮಾಡಿದ ನರಸಿಂಗ, ಅರ್ಧ ತಾಸು ಮಾತಾಡಿದ.

ಶಾಂತಾಬಾಯಿ ಹೊಲದ ಬದುವಿನ ಮೇಲೆ ನಿಂತೇ ಭಾಲ್ಕಿಗೆ ಫೋನು ಹಚ್ಚಿದಳು. ಮಾತು ಜಾಣತನದಿಂದ ತೆಗೆಯಬೇಕೆಂದು ಆಕೆಯ ಇರಾದೆ.

"ದಾನಮ್ಮೋರ, ಕೂಸು ಅಲ್ಲೇ ಅದೇನ್ರಿ?"

"ಇಲ್ಲೇ ಅದ. ಮತ್ತ ಎಲ್ಲಿ ಹೋಗ್ತದ?"

"ಹಂಗಾರ ಮೈಲೂರಾಗ ಅಳಲತ್ತಿದ್ದು ಯಾವುದ್ರಿ?"

ದಾನಮ್ಮ ಗಟ್ಟಿ ಹೆಂಗಸು. "ಅದು ಫೋನ್ ರಿ. ದಿನಾ ಏಳಕ್ಕ ಹಚ್ತಾರ."

"ಮತ್ತ ಲಂಗೋಟಿ ಒಣಗಿ ಹಾಕ್ಯಾನಂತ."

"ನಾನೇ ಕೊಟ್ಟೇನಿ ತೊಳೀಲಿಕ್ಕ."

"ಅತ್ತರು ಹಚ್ಕೊಂಡಾನಂತ, ಓಣಿ ತುಂಬಾ ಘಮಘಮ ಅಂತ."

"ಕಾಲೇಜಿನಾಗ ಏನರ ಫಂಕ್ಷನ್ ಇರಬೇಕು ಬಿಡ್ರಿ."

"ಹಂಗಂತೀರಾ? ಹೋಗಲಿ ಬಿಡ್ರಿ. ಆ ನರಸಿಂಗಂದು ಬರೇ ಇದೇ ಆಯ್ತು. ಮೂವತ್ತೊಂದು ಲಂಗೋಟಿ, ಮೂವತ್ತೊಂದು ಲಂಗೋಟಿ ಅಂತ ಕಿವಿ ತಿಂದ."

ಭಾಲ್ಕಿಯ ಕಡೆ ಏನೋ ಕೈಜಾರಿ ಬಿದ್ದ ಸದ್ದಾಯಿತು.

"ದಾನಮ್ಮೋರ? ಹಲೋ?"

"ಎಷ್ಟಂದ್ರಿ?"

"ಮೂವತ್ತೊಂದು."

"ನಾ ಕೊಟ್ಟಿದ್ದು ಇಪ್ಪತ್ನಾಲ್ಕು."

ಎರಡೂ ಕಡೆ ಬೆರಳು ಮಡಚಿ ಲೆಕ್ಕ ನಡೆಯಿತು. ಅಳುವನ್ನು ಫೋನಿನ ಲೆಕ್ಕಕ್ಕೆ ಹಾಕಬಹುದು, ಅತ್ತರನ್ನು ಫಂಕ್ಷನ್ನಿಗೆ ಹಚ್ಚಬಹುದು. ಆದರೆ ಏಳು ಲಂಗೋಟಿ ತಾವಾಗಿಯೇ ಹುಟ್ಟುವುದಿಲ್ಲ. ಅವುಗಳ ಹಿಂದೆ ಒಂದು ಕೂಸು ಇರಬೇಕು. ಕೂಸಿನ ಹಿಂದೆ ಒಬ್ಬ ತಾಯಿ ಇರಬೇಕು.

ಐತವಾರ ಬೆಳಿಗ್ಗೆ ಒಂಬತ್ತಕ್ಕೆ ಮಾಸ್ತರರು ಮಡಿ ಅಂಗಿ ತೊಟ್ಟು, ಮೂವತ್ತೊಂದಕ್ಕೂ ಕೊನೆಯ ಬಿಸಿಲು ತೋರಿಸುತ್ತ, ಭಾಲ್ಕಿಯ ಹತ್ತು ಗಂಟೆಯ ಬಸ್ಸಿಗೆ ತಯಾರಾಗಿ ನಿಂತಿದ್ದರು. ಓಣಿಗೆ ಒಂದು ಜೀಪು ತಿರುಗಿತು. ಮೊದಲು ಇಳಿದದ್ದು ದಾನಮ್ಮ, ಆಮೇಲೆ ಕೂಸನ್ನು ಎತ್ತಿಕೊಂಡ ಜಗದೇವಿ, ಕೊನೆಗೆ ಅಚ್ಚ ಬಿಳಿ ಧೋತರ, ಕೋಟು, ಟೋಪಿಯಲ್ಲಿ ಶಿವರಾಜಪ್ಪ. ಅದೇ ಹೊತ್ತಿಗೆ ಓಣಿಯ ಇನ್ನೊಂದು ತುದಿಯಿಂದ, ಔರಾದದ ಮೊದಲ ಬಸ್ಸು ಹಿಡಿದು ಬಂದ ಶಾಂತಾಬಾಯಿ, ದಾರಿ ತೋರಿಸುವ ಅಗತ್ಯವೇ ಇಲ್ಲದಿದ್ದರೂ ದಾರಿ ತೋರಿಸುತ್ತಿದ್ದ ನರಸಿಂಗನ ಜೊತೆ ಬಂದಳು.

"ಅರೆ, ನೀವೇ ಬಂದ್ರಿ? ನಾನೇ ತರ್ಲತ್ತಿದ್ದೆ" ಎಂದು ಮಾಸ್ತರರು ಹಿಗ್ಗಿ ಹೀರೇಕಾಯಿಯಾದರು.

"ಎಲ್ಲಿ ಅದ?" ಎಂದಳು ದಾನಮ್ಮ.

"ಯಾವುದ್ರಿ?"

"ಕೂಸು."

"ನಿಮ್ಮ ಮಗಳ ಕೈಯಾಗ ಅದಲ್ಲ ರಿ ಅತ್ತಿ."

"ಮತ್ತೊಂದು."

ಮಾಸ್ತರರು ಜಗದೇವಿಯ ಇನ್ನೊಂದು ಕೈ ನೋಡಿದರು. ಅದು ಖಾಲಿಯಿತ್ತು. ಶಾಂತಾಬಾಯಿ ತಮ್ಮನನ್ನು ದಾಟಿಕೊಂಡು ಒಳಗೆ ನುಗ್ಗಿ ಮಂಚದ ಕೆಳಗೆ ನೋಡಿದಳು, ಅಡುಗೆಮನೆ ನೋಡಿದಳು, ಬಚ್ಚಲು ನೋಡಿದಳು, ಅವಲಕ್ಕಿ ಡಬ್ಬಿಯನ್ನೂ ತೆರೆದು ನೋಡಿದಳು.

"ಅಕ್ಕಾ, ಡಬ್ಬ್ಯಾಗ ಏನು ನೋಡ್ಲತ್ತಿ?"

"ಸುಮ್ಮನಿರು ಅವಿ. ಯಾವ ಮಾರಿ ಇಟ್ಕೊಂಡು ಮಾತಾಡ್ತಿ? ಹೇಳು, ಯಾರಕಿ? ಎಲ್ಲಿಯಕಿ?"

"ಯಾರು ಯಾರಕಿ?"

ಓಣಿ ಆಗಲೇ ಗೋಡೆಯ ಮೇಲೆ ಏರಿ ಕೂತಿತ್ತು. ಖಾಜಾ ಮಿಯಾ ಅಂಗಡಿ ತೆರೆಯುವುದನ್ನು ಮುಂದಕ್ಕೆ ಹಾಕಿ ಬಂದು, "ಮೈ ತೋ... ಅವತ್ತೇ... ತೌಬಾ ಅಂದೆ" ಎಂದು ಹನಿಸಿದರು. ಮರಿಯಮಬೀ ಚಾಚಿ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು. ಮಾಸ್ತರರು ಆಕೆಯ ಕಡೆ ದೈನ್ಯದಿಂದ ನೋಡಿದರು.

"ಚಾಚಿ, ನೀವರ ಹೇಳ್ರಿ."

"ಕಸಮ್ ಖಾಯೀಸೋ ಹೂಂ, ಆಣಿ ಮಾಡೇನಿ" ಎಂದು ಚಾಚಿ ತಲೆ ಆಡಿಸಿದಳು.

ಗದ್ದಲಕ್ಕೆ ಕೂಸು ಬಾಯಿ ತೆರೆದು ಅಳತೊಡಗಿತು. ನರಸಿಂಗ ಕುಣಿದು ಮುಂದೆ ಬಂದ. "ಇದೇ ರಿ, ಇದೇ ಅಳು. ವಾರದಿಂದ ನಾ ಕೇಳ್ಲತ್ತಿದ್ದು ಇದೇ." ಎಂದವನು ತನ್ನ ಸಾಕ್ಷ್ಯ ತನಗೇ ತಿರುಗಿ ಬಿದ್ದದ್ದು ತಿಳಿದು ಮೆಲ್ಲಗೆ ಗೋಡೆಯ ಕಡೆ ಸರಿದ.

"ಅಳು ಬಿಡ್ರಿ" ಎಂದಳು ದಾನಮ್ಮ. ಹಗ್ಗದ ಬಳಿ ಹೋಗಿ ಒಂದೊಂದೇ ಮುಟ್ಟಿ ಎಣಿಸಿದಳು. ಇಪ್ಪತ್ತನಾಲ್ಕಕ್ಕೆ ನಿಂತಳು. ಇಪ್ಪತ್ತೈದನೆಯದನ್ನು ಹಿಡಿದಳು. "ಇದು ನಂದಲ್ಲ. ಇಲ್ಲಿಂದ ಅಲ್ಲಿ ತನಕ ಏಳೂ ನಂದಲ್ಲ. ಇವು ಯಾವ ಕೂಸಿಂದ್ರಿ ಅಳಿಯಂದ್ರ?"

ಮಾಸ್ತರರು ಉತ್ತರಿಸುವ ಮೊದಲು ಶಿವರಾಜಪ್ಪ ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. ಲಂಗೋಟಿಯ ಅಂಚು ತಿರುಗಿಸಿ ನೋಡಿದರು. ಕೆಂಪು-ಹಸಿರು ದಡಿ.

"ಇದು ನಾ ಸೋಲಾಪುರದಿಂದ ತರಿಸಿದ ಧೋತರ" ಎಂದರು ನಿಧಾನವಾಗಿ. "ಮದುವ್ಯಾಗ ಅಳಿಯಗ ಉಡಿಸಿದ್ದು."

"ಹೌದ್ರಿ ಮಾವಾರಿ" ಎಂದರು ಮಾಸ್ತರರು. "ಮಳಿ ಬಂದ ದಿನ ಇಪ್ಪತ್ನಾಲ್ಕು ಸಾಲೂದಿಲ್ಲ ಅಂತ ಚಾಚಿ ಅಂದರು. ಕೂಸು ಬಂದ ಮ್ಯಾಲ ಓಡಾಡೂದು ಬ್ಯಾಡಂತ... ಮನ್ಯಾಗ ಹತ್ತಿ ಅರಿವಿ ಅಂತ ಇದ್ದದ್ದು ಅದೊಂದೇ. ಸಿಟ್ಟಾಗಬ್ಯಾಡ್ರಿ."

ಶಿವರಾಜಪ್ಪ ಗಂಜಿನಲ್ಲಿ ತೊಗರಿ ಹಿಡಿದು ನೋಡುವ ಹಾಗೆ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಅಜ್ಜನ ಧೋತರದ್ದು ಲಂಗೋಟಿ ಆಗಬೇಕು ಅಂತ ಪದ್ಧತಿ ಅದ. ಅಪ್ಪನ ಮದುವಿ ಧೋತರದ್ದು ಇದೇ ಮೊದಲು ನೋಡಿದ್ದು" ಎಂದು ಜಗದೇವಿಯ ಕೈಯಿಂದ ಕೂಸನ್ನು ತಾವೇ ಎತ್ತಿಕೊಂಡು ಬಾವಿಕಟ್ಟೆಯ ಮೇಲೆ ಕೂತರು. ಶಾಂತಾಬಾಯಿ ಅವಲಕ್ಕಿ ಡಬ್ಬಿಯ ಮುಚ್ಚಳ ಇನ್ನೂ ಕೈಯಲ್ಲೇ ಹಿಡಿದಿದ್ದವಳು ಅದನ್ನು ನರಸಿಂಗನ ಕಡೆ ಎತ್ತಿದಳು. ನರಸಿಂಗನಿಗೆ ಮನೆಯಲ್ಲಿ ಹಾಲು ಉಕ್ಕುವುದು ನೆನಪಾಯಿತು.

"ಅದೆಲ್ಲಾ ಆಯ್ತು" ಎಂದಳು ದಾನಮ್ಮ. "ನಾ ಬಂದ ಕೆಲಸ ಬ್ಯಾರೆ ಅದ."

'ಬಂದ ಕೆಲಸ' ಈಗ ಬದಲಾಯಿತೆಂದು ಎತ್ತಿ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ದಾನಮ್ಮ ನಡು ಹಗ್ಗದಿಂದ ಒಂದು ಲಂಗೋಟಿ ತೆಗೆದಳು. ಮೂಗಿಗೆ ಹಚ್ಚಿದಳು. ಒಮ್ಮೆ ಈ ಹೊಳ್ಳೆ, ಒಮ್ಮೆ ಆ ಹೊಳ್ಳೆ. ಮುಖದ ಮೇಲೆ ಏನೂ ಇಲ್ಲ. ಮಾಸ್ತರರು ಜಗದೇವಿಯನ್ನು ನೋಡಿದರು. ಜಗದೇವಿ ಮಾಸ್ತರರ ಕೆಂಪಗೆ ಬೆಂದ ಬೆರಳುಗಳನ್ನು ನೋಡುತ್ತಿದ್ದಳು. ಆಮೇಲೆ ದಾನಮ್ಮ ಬಾವಿಕಟ್ಟೆಯ ತಂಬಿಗೆಯಲ್ಲಿ ಬಟ್ಟೆಯ ತುದಿ ಅದ್ದಿದಳು. ಚಾಚಿ ಸೆರಗನ್ನು ಬಾಯಿಂದ ತೆಗೆದಳು. ಇದು ಒಬ್ಬ ಪಂಡಿತೆ ಇನ್ನೊಬ್ಬ ಪಂಡಿತೆಯನ್ನು ನೋಡುವ ನೋಟ. ದಾನಮ್ಮ ಮತ್ತೆ ಮೂಸಿದಳು, ಕಣ್ಣು ಮುಚ್ಚಿ ಮೂಸಿದಳು.

"ನೀರಿನ ವಾಸನಿ" ಎಂದಳು.

ಮಾಸ್ತರರು ತಂಬಿಗೆ ಎತ್ತಿ ಮೂಸಿದರು. "ನೀರಿಗೆ ವಾಸನಿ ಇರೂದಿಲ್ಲ ರಿ ಅತ್ತಿ."

"ಅದನ್ನೇ ಹೇಳ್ಲತ್ತೇನಿ."

ಗೋಡೆಯ ಮೇಲಿದ್ದ ಓಣಿ ಚಪ್ಪಾಳೆ ತಟ್ಟಿತು. ದಾನಮ್ಮ ಅಷ್ಟಕ್ಕೆ ಬಿಡಲಿಲ್ಲ. ಬಟ್ಟೆಯನ್ನು ಬಿಸಿಲಿಗೆ ಹಿಡಿದು, ಮಡಚಿ, ಮತ್ತೆ ಬಿಚ್ಚಿ, ಮೊದಲ ಸಲ ಅಳಿಯನನ್ನು ಅಳಿಯನೆಂಬಂತೆ ನೋಡಿ, "ನನ್ನ ಕೈಲಿನೂ ಇಷ್ಟು ಚೊಕ್ಕ ಆಗೂದಿಲ್ಲ. ಹಂಗಾರ ಹಿಂಗ ಮಾಡೋಣ್ರಿ. ಕೂಸು ಭಾಲ್ಕ್ಯಾಗೇ ಇರಲಿ. ನೀವು ಪ್ರತಿ ಐತವಾರ ಬಂದು ಚೀಲಾ ಒಯ್ದು ತೊಳದು ತಂದು ಕೊಡ್ರಿ" ಎಂದಳು.

ಮಾಸ್ತರರ ಬಾಯಿ ತೆರೆಯಿತು. ಈ ಸಲ ಅದರಿಂದ ಏನೂ ಬರಲಿಲ್ಲ. ಅಷ್ಟರ ಮಟ್ಟಿಗೆ ಅದು ಕಲಿತಿತ್ತು. ಮಾತಾಡಿದವಳು ಜಗದೇವಿ. ಆಗಲೇ ಹೊಸ್ತಿಲು ದಾಟಿ, ಒಳಗೆ ಮಂಚದ ಮೇಲೆ ಕಾಲು ಮಡಚಿ ಕೂತಿದ್ದಳು.

"ಅವ್ವಾ, ಕೂಸಿನ ಅರಿವಿ ಎಲ್ಲಿ ಒಣಗತಾವೋ ಕೂಸೂ ಅಲ್ಲೇ ಇರತದ. ನನ್ನ ಪೆಟ್ಟಿಗಿ ಬರೂ ಜೀಪಿನಾಗ ಕಳಸು."

ದಾನಮ್ಮ ಮಗಳನ್ನು ನೋಡಿದಳು, ಹಗ್ಗವನ್ನು ನೋಡಿದಳು. ಏನೋ ಹೇಳಬೇಕೆಂದು ಬಾಯಿ ತೆರೆದಳು. ಆದರೆ ತೀರ್ಪನ್ನು ಕೂಸೇ ಕೊಟ್ಟಿತು. ಶಿವರಾಜಪ್ಪನವರ ತೊಡೆಯ ಮೇಲೆ, ಅಚ್ಚ ಬಿಳಿ ಧೋತರದ ನಿರಿಗೆಗಳ ಮೇಲೆ, ಎಲ್ಲರೂ ನೋಡುತ್ತಿರುವಾಗಲೇ, ಧಾರಾಳವಾಗಿ ಕೊಟ್ಟಿತು.

"ತೆಗೀರಿ ಧೋತರ. ಅಳಿಯಂದ್ರು ತೊಳೀತಾರ" ಎಂದಳು ದಾನಮ್ಮ.

"ಹುಚ್ಚಿ ಏನು? ಅಳಿಯನ ಕೈಲಿ ಧೋತರ ತೊಳಸ್ಲಾ?"

"ನಮ್ಮ ಮನ್ಯಾಗ ಬ್ಯಾಡ ಅಂದಿದ್ರಿ. ಇದು ಅವರ ಮನಿ."

ಹೀಗೆ ಭಾಲ್ಕಿ ಗಂಜಿನ ಶಿವರಾಜಪ್ಪನವರು ಅಂದು ಮಧ್ಯಾಹ್ನ ಮೇಲೆ ಕೋಟು-ಟೋಪಿ, ಕೆಳಗೆ ಅಳಿಯನ ನೀಲಿ ಟ್ರ್ಯಾಕ್ ಪ್ಯಾಂಟು ತೊಟ್ಟು, ಜೀಪಿನ ಕಿಟಕಿಗೆ ಪರದೆ ಹಾಕಿಸಿಕೊಂಡು ಊರಿಗೆ ಹೋದರು. ಧೋತರ ಇಲ್ಲೇ ಉಳಿಯಿತು. ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಚಿಮಟಿಗೆ ಸಾಬೂನು, ಕಿರ್ ಎನ್ನುವ ತನಕ ನೀರು.

ಸಂಜೆ ನರಸಿಂಗ ಮೆಲ್ಲಗೆ ಕಿಟಕಿ ತೆರೆದ. ಹಗ್ಗದ ಮೇಲೆ ಲಂಗೋಟಿಗಳ ಸಾಲು; ಸಾಲಿನ ತುದಿಗೆ, ಎರಡು ಅಂಗಳದಷ್ಟು ಉದ್ದಕ್ಕೆ, ಗಾಳಿಗೆ ಹೊಟ್ಟೆ ಉಬ್ಬಿಸಿಕೊಂಡು ಇನ್ನೊಂದು. ನರಸಿಂಗನಿಗೆ ತಡೆಯಲಾಗಲಿಲ್ಲ. ನಡುಗೋಡೆಯ ಬಳಿ ಬಟ್ಟೆ ಮಡಚುತ್ತಿದ್ದ ಚಾಚಿಯನ್ನು ಪಿಸುದನಿಯಲ್ಲಿ ಕೇಳಿದ:

"ಚಾಚಿ, ಅಷ್ಟು ದೊಡ್ಡದು ಯಾರದ್ರಿ?"

ಮರಿಯಮಬೀ ಆಕಾಶ ನೋಡಿದಳು.

"ಮೇರೇಕು ನೈ ಮಾಲೂಮ್."